ಟೆಂಟಿನ ಮಕ್ಕಳ ಅಡ್ಮಿಶನ್ನು

ಹತ್ತಾರು ಸರ್ಕಾರಿ ಶಾಲೆಗಳಿಗೆ ಸ್ಕೂಟರಿನಲ್ಲಿ ಸುತ್ತುವ ಮೇಡಂ ನಾನು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ, ನಾಲ್ಕೂ ತಾಲೂಕಿನ ಧೂಳು ಕುಡಿದಿದ್ದೇನೆ. ಶಾಲೆಯಿಂದ ಹೊರಗುಳಿದ ಮಕ್ಕಳನ್ನು ಹುಡುಕಿ ಸೇರಿಸುವುದು ನನ್ನ ಕೆಲಸಗಳಲ್ಲೊಂದು. ಕೂಲಿಗೆ ಅಂತ ಊರೂರು ತಿರುಗಿ, ಟೆಂಟಲ್ಲೋ ಶೆಡ್ಡಲ್ಲೋ ಮಲಗುವವರ ಮಕ್ಕಳೇ ಹೆಚ್ಚು. ಅಯ್ಯೋ ಪಾಪ ಅನ್ನುವ ಮುಖ ಹೊತ್ತು ಟೆಂಟಿನ ಹತ್ತಿರ ಹೋಗುತ್ತೇನೆ. ವಾಪಸ್ ಬರುವಾಗ ಹೆಲ್ಮೆಟ್ಟಿನೊಳಗೆ ಒಬ್ಬಳೇ ನಗುತ್ತಿರುತ್ತೇನೆ. ಎಷ್ಟು ವರ್ಷವಾದರೂ ಇದು ತಪ್ಪಿಲ್ಲ.

ಹುಟ್ಟಿದ ವರ್ಷ

ಕಂಪಲಾಪುರದ ಆಚೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕದ ಶೆಡ್ಡಿನಲ್ಲಿ ಒಂದು ಕುಟುಂಬವಿತ್ತು. ಮಗಳಿಗೆ ಜನನ ಪ್ರಮಾಣಪತ್ರ ಇರಲಿಲ್ಲ. ಇಲ್ಲದಿದ್ದರೂ ಸೇರಿಸಿಕೊಳ್ಳಬೇಕು ಅಂತ ಕಾನೂನಿದೆ. ವಯಸ್ಸನ್ನು ತಾಯಿ ಬಾಯಲ್ಲಿ ಹೇಳಿದರೆ ಸಾಕು, ಆ ವಯಸ್ಸಿಗೆ ತಕ್ಕ ತರಗತಿಗೆ ಕೂರಿಸುತ್ತೇವೆ.

"ಯಾವ ವರ್ಷ ಹುಟ್ಟಿದ್ದಮ್ಮ ಇವಳು?" ಅಂತ ಕೇಳಿದೆ.

"ಸೊಪ್ಪು ಬೇಯ್ಸೋ ಕಾಲ ಕಣವ್ವ. ಚೆನ್ನಾಗಿ ಗ್ಯಾಪ್ಕ ಅದೆ."

"ಸರಿ, ಯಾವ ವರ್ಷದ್ದು?"

"ಸೊಪ್ಪಿನ ರೇಟು ಬಿದ್ದೋಗಿತ್ತಲ್ಲ, ಆ ವರ್ಸ."

ಹತ್ತಿರದಲ್ಲೇ ಸೊಪ್ಪು ಕಟ್ಟುತ್ತಿದ್ದ ಬ್ಯಾರನ್ನಿನ ಯಜಮಾನರು ತಲೆ ಎತ್ತಿದರು. "ಸರ್ಯಾಗಿ ಹೇಳಮ್ಮಿ. ರೇಟು ಬೀಳ್ದೆ ಇದ್ದ ವರ್ಸ ಯಾವ್ದು?"

ತಾಯಿ ನನ್ನ ಕಡೆ ತಿರುಗಿದಳು. "ಅದಕ್ಕೇ ಕಣವ್ವ, ನಂಗೂ ತಲೆ ಕೆಟ್ಟೋಗದು."

ತಪ್ಪಿಸಿಕೊಳ್ಳುವ ದಾರಿ

ಹುಣಸೂರು ಬೈಪಾಸಿನ ಹತ್ತಿರ ಕಲ್ಲು ಒಡೆಯುವ ಕೆಲಸಕ್ಕೆ ಬಂದಿದ್ದ ಒಬ್ಬ ಅಪ್ಪ. ಮಗಳನ್ನು ಶಾಲೆಗೆ ಸೇರಿಸಲು ಅವನದು ಒಂದೇ ತಕರಾರು.

"ಇನ್ನೊಂದು ತಿಂಗ್ಳಿಗೆ ನಾವು ಬೇರೆ ಕಡೆ ಒಂಟೋಯ್ತೀವಿ ಮೇಡಂ. ಯಾಕೆ ಸುಮ್ನೆ?"

"ಎಲ್ಲಿಗೆ ಹೋದರೂ ಅಲ್ಲಿಯ ಶಾಲೆಯವರು ಸೇರಿಸಿಕೊಳ್ಳಲೇಬೇಕು. ಟಿಸಿ ಬರುವುದು ತಡವಾದರೂ ಕಾಯಿಸುವ ಹಾಗಿಲ್ಲ," ಅಂದೆ.

"ಕೊಡಗಿಗೆ ಒಂಟೋದ್ರೆ?"

"ಅಲ್ಲೂ ಅಷ್ಟೇ."

"ಕೇರಳಕ್ಕೆ ಒಂಟೋದ್ರೆ?"

"ಅಲ್ಲೂ ಅದೇ ಕಾನೂನು."

ಅವನು ಟೆಂಟಿನ ಹಿಂದೆ ಅವಿತು ಕೂತಿದ್ದ ಮಗಳನ್ನು ಕರೆದ. "ಬಾರವ್ವ ಈಚೆಗೆ. ಎಲ್ಲೋದ್ರೂ ಬುಡಕಿಲ್ವಂತೆ ಇವ್ರು."

ನೀರ್ ಸಾರು

ಕೋಟೆ ತಾಲೂಕಿನ ಒಂದು ಶಾಲೆಗೆ ಶುಂಠಿ ಕೆಲಸದವರ ಮಗಳೊಬ್ಬಳು ಸೇರಿದಳು. ಅಪ್ಪ ಅಮ್ಮನಿಗೆ ಕೆಲಸ ಸಿಕ್ಕ ಕಡೆಯೆಲ್ಲ ಓದಿದವಳು. ಊರಿನ ಹೆಸರು ಒಂದೂ ನೆನಪಿಲ್ಲ, ಬೆಳೆಯ ಹೆಸರಿನಲ್ಲೇ ಶಾಲೆಗಳನ್ನು ಗುರುತಿಟ್ಟುಕೊಂಡಿದ್ದಳು. ಬಿಸಿಯೂಟಕ್ಕೆ ಕೂತಾಗ ನಾನು ಪಕ್ಕದಲ್ಲಿದ್ದೆ, ಮಾತಿಗೆಳೆದೆ.

"ಕಬ್ಬಿನ ಸ್ಕೂಲಲ್ಲಿ ಮಿಸ್ಸು ತಲೆ ಬಾಚೋರು," ಅಂದಳು. "ಸೊಪ್ಪಿನ ಸ್ಕೂಲಲ್ಲಿ ಜೋಕಾಲಿ ಇತ್ತು. ಕಾಫಿ ಸ್ಕೂಲಲ್ಲಿ ಚಳಿ."

"ಇದು ಶುಂಠಿ ಸ್ಕೂಲಾ?"

ಅವಳು ತಟ್ಟೆ ನೋಡಿದಳು, ಬಡಿಸುತ್ತಿದ್ದ ಅಡುಗೆಯಮ್ಮನ ಮುಖ ನೋಡಿದಳು. "ಇಲ್ಲ ಮಿಸ್. ಇದು ನೀರ್ ಸಾರಿನ ಸ್ಕೂಲು."

ಮರುದಿನ ಸಾರಿನಲ್ಲಿ ಬೇಳೆ ಎಷ್ಟಿತ್ತೆಂದರೆ ಸೌಟು ನೆಟ್ಟಗೆ ನಿಲ್ಲುತ್ತಿತ್ತು. "ಈ ಮಗಾ ಮುಂದಿನ್ ಸ್ಕೂಲ್ಗೋಗಿ ಏನಂತ ಹೇಳ್ಬುಡ್ತದೋ," ಅಂತ ಅಡುಗೆಯಮ್ಮನಿಗೆ ಚಿಂತೆ.

ಮನೆ ವಿಳಾಸ

ಕೆ.ಆರ್. ನಗರದ ಕಡೆ ನಾಲೆ ಏರಿಯ ಮೇಲೆ ಟೆಂಟು ಹಾಕಿಕೊಂಡಿದ್ದ ಒಂದು ಕುಟುಂಬ. ಗಂಡ, ಹೆಂಡತಿ, ಒಬ್ಬಳು ಮಗಳು, ಗಂಡನ ತಾಯಿ. ಭತ್ತದ ನಾಟಿಗೆ ಬಂದವರು. ಮಗಳನ್ನೂ ಅವಳ ತಾಯಿಯನ್ನೂ ಕರೆದುಕೊಂಡು ನಾನೇ ಶಾಲೆಗೆ ಹೋದೆ. ಹೆಡ್‌ಮಾಸ್ಟರ್ ಒಳ್ಳೆಯವರು, ಕಾನೂನು ಬಲ್ಲವರು, ಆದರೆ ಕಂಪ್ಯೂಟರಿಗೆ ಹೆದರುವವರು.

"ವಿಳಾಸ ಹೇಳಮ್ಮ," ಅಂದರು ತಾಯಿಗೆ.

"ನಾಲೆ ಏರಿ ಸಾ."

"ಮನೆ ನಂಬರು?"

"ಮನೇನೇ ಇಲ್ವಲ್ಲ ಸಾ."

ಅವರು ನನ್ನ ಕಡೆ ತಿರುಗಿದರು. "ವಿಳಾಸ ಇಲ್ಲದಿದ್ದರೂ ಸೇರಿಸಬೇಕು ಅಂತ ನನಗೆ ಗೊತ್ತು ಮೇಡಂ. ಈ ಕಂಪ್ಯೂಟರಿಗೆ ಗೊತ್ತಿಲ್ಲ. ಖಾಲಿ ಬಿಟ್ಟರೆ ಮುಂದಕ್ಕೇ ಹೋಗಲ್ಲ."

ಕೊನೆಗೆ ಶಾಲೆಯ ವಿಳಾಸವನ್ನೇ ಹಾಕಿದರು. ಕಂಪ್ಯೂಟರು ಒಪ್ಪಿತು. ಹುಡುಗಿ ಪುಸ್ತಕ ಎದೆಗವುಚಿಕೊಂಡು ಓಡಿಹೋಗಿ, ನಮ್ಮ ಮನೆ ಇನ್ಮೇಲೆ ಸ್ಕೂಲೇ ಅಂತ ಮೇಷ್ಟ್ರು ಬರೆದರು ಎಂದು ಅಜ್ಜಿಗೆ ಹೇಳಿದ್ದಾಳೆ.

ಅದೇ ವಾರ ಮಳೆ ಹಿಡಿದು ಟೆಂಟು ಹರಿಯಿತು. ಬೆಳಿಗ್ಗೆ ಶಾಲೆಯ ಬೀಗ ತೆಗೆಯಲು ಬಂದ ಹೆಡ್‌ಮಾಸ್ಟರಿಗೆ ಜಗುಲಿಯ ಮೇಲೆ ಪಾತ್ರೆ, ಹಾಸಿಗೆ, ಒಂದು ಕೋಳಿ, ನಾಲ್ಕೂ ಜನ ಕಂಡರು.

"ಇದೇನಜ್ಜಿ?"

"ನೀವೇ ಬರ್ಕೊಟ್ರಂತಲ್ಲಪ್ಪ," ಅಂತ ಅಜ್ಜಿ ಕೈ ಮುಗಿದರು. "ದೊಡ್ಡ ಮನಸು ನಿಮ್ದು."

ಆಮೇಲೆ ಯಾವ ಬಾಯಲ್ಲಿ 'ಹೋಗಿ' ಅನ್ನುವುದು? ಖಾಲಿ ಬಿದ್ದಿದ್ದ ಹಿಂದಿನ ಕೋಣೆ ತೆಗೆಸಿಕೊಟ್ಟು ನನಗೆ ಫೋನ್ ಮಾಡಿದರು. ನಾನು ಪಂಚಾಯ್ತಿಯವರ ಬೆನ್ನು ಹತ್ತಿದೆ. ಸಮುದಾಯ ಭವನದಲ್ಲಿ ಒಂದು ಕೋಣೆ ಕೊಡುತ್ತೇವೆ, ಎರಡು ದಿನ ತಡೀರಿ ಅಂದರು. ಆ ಎರಡು ದಿನದೊಳಗೇ ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ನಾನೂ ಅಲ್ಲೇ ಇದ್ದೆ. ಹೆಡ್‌ಮಾಸ್ಟರಿಗೆ, ತನಗೆ ನೋಟೀಸು ಬಂದರೂ ಬರಲಿ, ಹುಡುಗಿಯ ಹೆಸರು ತೆಗೆಸಿಬಿಟ್ಟರೆ ಅನ್ನುವ ಭಯ.

ಸಾಹೇಬರು ತರಗತಿಗಳನ್ನೆಲ್ಲ ನೋಡಿ ಹಿಂದಿನ ಕೋಣೆಯ ಕಡೆ ನಡೆದರು. ಬಾಗಿಲ ಮುಂದೆ ಚೊಕ್ಕಟವಾದ ರಂಗೋಲಿ. ಒಳಗೆ ಒಲೆಯ ಹೊಗೆ. ಅವರು ಹೊಸಿಲ ಮೇಲೆ ಶೂ ಕಾಲಿಟ್ಟರು.

ಒಳಗಿನಿಂದ ಅಜ್ಜಿಯ ದನಿ ಬಂತು. "ಯಾರಪ್ಪ ಅದು? ಈಗ್ತಾನೆ ನೆಲ ಒರೆಸಿವ್ನಿ. ಚಪ್ಲಿ ಆಚೆ ಬುಟ್ಬುಟ್ಟು ಬಾ."

ಸಾಹೇಬರು ಹೆಡ್‌ಮಾಸ್ಟರ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಬಗ್ಗಿ ಲೇಸು ಬಿಚ್ಚತೊಡಗಿದರು. ಒಳಗೆ ಹೋಗಿ ಚಾಪೆಯ ಮೇಲೆ ಕೂತು ಎಲ್ಲ ವಿಚಾರಿಸಿ, ಅಲ್ಲಿಂದಲೇ ಪಂಚಾಯ್ತಿಗೆ ಫೋನ್ ಮಾಡಿದರು. ಸಂಜೆಯೊಳಗೆ ಭವನದ ಕೋಣೆಯ ಬೀಗದ ಕೈ ಬಂತು. ಹುಡುಗಿಯ ಹೆಸರು ಹಾಗೇ ಉಳಿಯಿತು.

ಅಜ್ಜಿ ಕೊಟ್ಟ ಟೀ ಕುಡಿದು ಸಾಹೇಬರು ಜೀಪು ಹತ್ತಿದರು. ಹೆಡ್‌ಮಾಸ್ಟರ್ ಬೆವರು ಒರೆಸಿಕೊಳ್ಳುತ್ತಾ ಒಳಗೆ ಬಂದರೆ, ಅಜ್ಜಿ ಅವರಿಗೂ ಒಂದು ಲೋಟ ಚಾಚಿ ಕೇಳಿದರು: "ಪಾಪ, ಒಳ್ಳೆ ಮನ್ಸ. ಅವ್ರಿಗೂ ಮನೆ ಗಿನೆ ಇಲ್ವಾ, ಸ್ಕೂಲ್ ಸ್ಕೂಲ್ ಸುತ್ತವ್ರಲ್ಲ?"