ಮುಲುಂಡಿಗೆ ದಯಮಾಡಿಸಿದ ಹಿಮದ ಗೊಂಬೆಯವರ ಸನ್ನಿಧಾನಕ್ಕೆ

ಶ್ರೀ ಸಿದ್ಧೇಶ್ವರ ಪ್ರಸನ್ನ

ಮುಲುಂಡ್, ಮಾರ್ಗಶಿರ ಮಾಸ

ಒಂದನೇ ಇಯತ್ತೆಯ ಬರವಣಿಗೆ ಪುಸ್ತಕದಲ್ಲಿ 'ವಿಂಟರ್' ಎಂಬ ಪುಟದ ನಟ್ಟನಡುವೆ ಬಿಜಯಂಗೈದಿರುವ ಮಾನ್ಯ ಹಿಮದ ಗೊಂಬೆಯವರ ಪಾದಗಳಿಗೆ, ಪಾದಗಳು ಚಿತ್ರದಲ್ಲಿ ಎಲ್ಲೂ ಕಾಣದೇ ಇರುವುದರಿಂದ ತಮ್ಮ ಕೆಳಗಿನ ಉಂಡೆಗೆ, ಮಹಾದೇವಿ ಮಾಡುವ ಶರಣು ಶರಣಾರ್ಥಿಗಳು.

ಮಾನ್ಯರೇ,

ಇಲ್ಲಿ ನಾವೆಲ್ಲ ದೇವರ ದಯೆಯಿಂದ ಕ್ಷೇಮವಾಗಿದ್ದೇವೆ. ತಾವೂ ಕರಗದೆ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ನಾನು ಇಂಡಿ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಏಳನೆಯ ತನಕ ಓದಿ, ಮದುವೆಯಾಗಿ ಮುಂಬಯಿಗೆ ಬಂದು, ಇಲ್ಲಿಯ ಬಿಲ್ಡಿಂಗಿನ ಮನೆಗಳಲ್ಲಿ ಅಡುಗೆ ಮಾಡಿಕೊಂಡಿರುವ ಹೆಂಗಸು. ಮಗ ಶ್ರೀಮಂತ ಟೈಲ್ಸ್ ಕೂರಿಸುವ ಕೆಲಸಕ್ಕೆ, ಸೊಸೆ ಫೋರ್ಟಿನ ಆಫೀಸಿಗೆ ಬೆಳಗಿನ ಲೋಕಲ್ ಹಿಡಿದು ಹೋಗಿಬಿಡುವುದರಿಂದ ಮೊಮ್ಮಗಳು ಭುವನೇಶ್ವರಿಯ, ಅಂದರೆ ನಮ್ಮ ಭುವಿಯ, ಹೋಮ್‌ವರ್ಕು ನನ್ನ ಪಾಲಿಗೆ ಬಂದಿದೆ. ಹೀಗಾಗಿ ತಮ್ಮ ದರ್ಶನದ ಭಾಗ್ಯವೂ ನನಗೇ ದೊರಕಿತು.

ತಾವಿರುವ ಪುಸ್ತಕವು ಅಕ್ಷರ ಕೂಡಿಸಲು ಕಲಿಯುತ್ತಿರುವ ಮಕ್ಕಳಿಗೆ ಒಂದೊಂದು ಋತುವಿನ ಚಿತ್ರ ಕೊಟ್ಟು, ಕೆಳಗೆ ಗೆರೆ ಎಳೆದು, 'ಈ ಕಾಲದಲ್ಲಿ ನೀನು ಏನು ಮಾಡುತ್ತೀ, ಬರೆ' ಎಂದು ಕೇಳುವ ಪುಸ್ತಕ. ಕೇಳುವ ರೀತಿ ಬಹಳ ಚೆನ್ನಾಗಿದೆ. ನನ್ನನ್ನು ಈ ಐವತ್ತು ವರ್ಷಗಳಲ್ಲಿ ಯಾರೂ ಹಾಗೆ ಕೇಳಿಲ್ಲ. ಕೇಳಿದವರು ಉತ್ತರವನ್ನೂ ತಾವೇ ಇಟ್ಟುಕೊಂಡಿರುತ್ತಾರೆಂಬುದು ಮಾತ್ರ ನನಗೆ ಆಮೇಲೆ ತಿಳಿಯಿತು.

ಮೊದಲು ನನ್ನಿಂದಾದ ಒಂದು ಪ್ರಮಾದವನ್ನು ತಾವು ಹೊಟ್ಟೆಗೆ ಹಾಕಿಕೊಳ್ಳಬೇಕು. 'ಆಯಿ, ಇದು ಚಳಿಗಾಲದ ಪುಟ, ಇಂವಾ ಯಾರು?' ಎಂದು ಹುಡುಗಿ ಕೇಳಿದಾಗ ನಾನು ಕನ್ನಡಕ ಏರಿಸಿ ನೋಡಿದೆ. ಬೆಳ್ಳಗೆ, ಗುಂಡಗೆ, ಬಯಲಿನಲ್ಲಿ ನಿಂತ ಆಕಾರ. ಕೊರಳಿಗೆ ಸುತ್ತಿದ ವಸ್ತ್ರ, ಎರಡೂ ಕಡೆ ನೆಟ್ಟ ಕಡ್ಡಿ, ಮುಖದ ಮೇಲೆ ಮೂಗಿನ ಜಾಗದಲ್ಲಿ ಹೊಸ ಗಜ್ಜರಿ. ಚಳಿಗಾಲ, ಬಯಲು, ಗಜ್ಜರಿ ಮೂರೂ ಕೂಡಿದ ಮೇಲೆ ನಮ್ಮ ಕಡೆಯವರಿಗೆ ಸಂಶಯ ಎಲ್ಲಿಂದ ಬರಬೇಕು? 'ಯಾರಂದ್ರ, ನಮ್ಮ ಹೊಲದಾಗಿನ ಪಾಂಡವ್ರು' ಎಂದು ಹೇಳಿ, ತಮ್ಮ ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿ, ಪುಟವನ್ನು ಕಣ್ಣಿಗೆ ಒತ್ತಿಕೊಂಡೆ. ಒದ್ದೆ ಬೆರಳಾದ್ದರಿಂದ ತಮ್ಮ ಟೋಪಿ ಸ್ವಲ್ಪ ಉಬ್ಬಿಕೊಂಡಿದೆ.

ತಾವು ಪರದೇಶದವರು, ತಿಳಿದಿರಲಿಕ್ಕಿಲ್ಲವೆಂದು ಹೇಳುತ್ತೇನೆ. ಎಳ್ಳ ಅಮಾವಾಸ್ಯೆಯ ದಿನ ನಾವು ಹೊಲದಲ್ಲಿ ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಅವರ ಹಿಂದೆ ಕಳ್ಳನೆಂದು ಇನ್ನೊಂದು ಕಲ್ಲನ್ನೂ ಇಟ್ಟು, ಸಜ್ಜೆ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಪುಂಡಿ ಪಲ್ಯ, ಹೊಸ ಗಜ್ಜರಿ ಎಲ್ಲವನ್ನೂ ಕಲಸಿ ಬೆಳೆಗೆ ಚೆಲ್ಲುತ್ತೇವೆ. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಬಸುರಿ ಭೂಮಿತಾಯಿಗೆ ಬಯಕೆಯ ಊಟ. ಮುಂದೆ ಚೆಲ್ಲುವವರು 'ಹುಲ್ಲುಲ್ಲಿಗೋ' ಎಂದು ಕೂಗಿದರೆ ಹಿಂದೆ ನೀರು ಚಿಮುಕಿಸುತ್ತ ಬರುವವರು 'ಸಲಾಂಬರಿಗೋ' ಎಂದು ಓಗೊಡಬೇಕು. ಓಗೊಡುವವರಿಲ್ಲದೆ ಚರಗ ಚೆಲ್ಲಿದರೆ ಭೂಮಿತಾಯಿಗೆ ಉಂಡ ಸಮಾಧಾನ ಇರುವುದಿಲ್ಲವೆಂದು ನಮ್ಮವ್ವ ಹೇಳುತ್ತಿದ್ದಳು.

ಮುಲುಂಡಿನಲ್ಲಿ ಹೊಲ ಎಲ್ಲಿ ಎಂದು ತಾವು ನಗಬಹುದು, ನಗುವಂತೆಯೇ ತಮ್ಮ ಬಾಯಿಯನ್ನು ಬರೆದಿದ್ದಾರೆ. ರೈಲು ಹಳಿಯ ಪಕ್ಕದ ಪಟ್ಟಿಯಲ್ಲಿ ಒಬ್ಬ ಭಯ್ಯಾ ಪಾಲಕ್ ಬೆಳೆಯುತ್ತಾನೆ. ಪಾನ್ ಅಂಗಡಿಯಿಂದ ಸುಣ್ಣ ತಂದು, ಅವನ ಬದುವಿನಲ್ಲಿ ಕಲ್ಲು ಹೂಡಿ, ನಾನೂ ಭುವಿಯೂ ಅಲ್ಲಿಯೇ ಚರಗ ಚೆಲ್ಲುತ್ತೇವೆ. ಮೊದಲ ಸಲ ಆತ ಓಡಿಬಂದು, 'ಮಾಜೀ, ಚಿಡಿಯಾ ಕೋ ಖಿಲಾ ರಹೀ ಹೋ ಕ್ಯಾ?' ಎಂದ. ಹಕ್ಕಿಗಲ್ಲಪ್ಪಾ, ನಿನ್ನ ಪಾಲಕ್‌ಗೆ ಎಂದಾಗ ಕೈಮುಗಿದು, ಕಡುಬು ತಿಂದ. ಈಗ ಅಮಾವಾಸ್ಯೆ ಯಾವಾಗ ಎಂದು ಅವನೇ ಕೇಳುತ್ತಾನೆ.

ಹಾಗಾಗಿ ಭುವಿ ತಮ್ಮ ಕೆಳಗಿನ ಗೆರೆಗಳ ಮೇಲೆ, ನಾಲಿಗೆ ಹೊರಗೆ ಹಾಕಿ, ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿ ಬರೆದು ನನಗೆ ಅರ್ಥ ಹೇಳಿದಳು: ಚಳಿಗಾಲದಲ್ಲಿ ನಾನು ಪಾಂಡವರಿಗೆ ಸುಣ್ಣ ಹಚ್ಚುತ್ತೇನೆ, ನಾವು ಪಾಲಕ್‌ಗೆ ಊಟ ಹಾಕುತ್ತೇವೆ, ಆಯಿ ಕೂಗುತ್ತಾಳೆ, ನಾನು ಓ ಅನ್ನುತ್ತೇನೆ, ಲೋಕಲ್ ಕೂಡ ಓ ಅನ್ನುತ್ತದೆ. ಮಾನ್ಯರೇ, ಆ ಹುಡುಗಿ ತಾನಾಗಿಯೇ ಬರೆದ ಮೊದಲ ಮಾತುಗಳು ಅವು. ನಾನು ಪುಸ್ತಕವನ್ನು ಒಂದು ರಾತ್ರಿ ದೇವರ ಮುಂದೆ ಇಟ್ಟಿದ್ದೆ.

ಪುಟ ಶಾಲೆಗೆ ಹೋಗಿ ತಿರುಗಿ ಬಂದಾಗ ಅದರ ಮೇಲೆ ಕೆಂಪು ಗೀಟು ಇತ್ತು, ಪಕ್ಕದಲ್ಲಿ 'ಇದು ವಿಂಟರ್ ಅಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಹೋಗಿ ಅವರ ಟೀಚರ್ ವಿನೋದಿನಿ ಮಿಸ್ಸನ್ನು ಕಂಡೆ. ಉಡುಪಿ ಕಡೆಯವರು, ಒಳ್ಳೆಯ ಹೆಂಗಸು, ಕನ್ನಡದಲ್ಲಿಯೇ ಮಾತಾಡಿಸಿದರು. 'ಎಂತ ಮಾಡುದು ಅಮ್ಮ, ಪುಸ್ತಕದಲ್ಲಿ ಹಿಮ ಉಂಟಲ್ಲ, ಹಿಮದ ಬಗ್ಗೆಯೇ ಬರೀಬೇಕು, ಇಲ್ಲದಿದ್ರೆ ಗೋಡೆಗೆ ಅಂಟಿಸ್ಲಿಕ್ಕೆ ಆಗುದಿಲ್ಲ' ಎಂದರು. ನೀವು ಹಿಮ ನೋಡಿದ್ದೀರೇನ್ರೀ ಎಂದು ಕೇಳಿದೆ. 'ಫ್ರಿಜ್ಜಿನಲ್ಲಿ ನೋಡಿದ್ದೇನೆ ಮಾರಾಯ್ರೆ' ಎಂದು ನಕ್ಕು, ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡರು. ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಅದರ ಗಾಳಿಗೆ, ಗೋಡೆಗೆ ಅಂಟಿಸಿದ್ದ ತಮ್ಮ ಬಂಧುಬಳಗವೆಲ್ಲ ಪಟಪಟ ಹೊಡೆದುಕೊಳ್ಳುತ್ತಿತ್ತು.

ಭುವಿ ಜಾಣೆ. ಹೊಸ ಪುಟದಲ್ಲಿ ಮತ್ತೆ ಬರೆದಳು. ಅಪ್ಪನ ಜೊತೆ ತೋಟದಲ್ಲಿ ಹಿಮದ ಗೊಂಬೆ ಮಾಡಿದಳಂತೆ, ಅವಳ ಮೂಗು ಕೆಂಪಾಯಿತಂತೆ, ಆಮೇಲೆ ಎಲ್ಲರೂ ಒಲೆಯ ಮುಂದೆ ಕೂತು ಬಿಸಿ ಚಾಕಲೇಟು ಕುಡಿದರಂತೆ. ಗೋರೆಗಾಂವಿನ ಯಾರದೋ ಬಚ್ಚಲುಮನೆಯಲ್ಲಿ ಮಂಡಿಯೂರಿ ಟೈಲ್ಸ್ ಕೂರಿಸುತ್ತಿದ್ದ ನನ್ನ ಮಗ ಅದೇ ಹೊತ್ತಿನಲ್ಲಿ ತಮಗೆ ಮಫ್ಲರ್ ಸುತ್ತುತ್ತಿದ್ದನೆಂದು ಕೇಳಿ ನನಗೆ ಬಹಳ ಸಂತೋಷವಾಯಿತು. ಈ ಪುಟಕ್ಕೆ ಚಿನ್ನದ ಬಣ್ಣದ ಚುಕ್ಕಿ ಬಂತು, ಗೋಡೆಯ ಮೇಲೆ ಜಾಗವೂ ಬಂತು. ದೀಪ ಹಚ್ಚುವ ಹೊತ್ತಿಗೆ ನಾನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದು ಖರೇ ಏನವಾ ಎಂದು ಕೇಳಿದೆ. ಅವಳು ಸ್ವಲ್ಪವೂ ಅಳುಕದೆ ಹೇಳಿದಳು: 'ಖರೇ ಅಲ್ಲ ಆಯಿ, ಕರೆಕ್ಟ್ ಅದ.'

ಸುಳ್ಳು ಹೇಳಿದ ಮಗುವಿಗೆ ಬುದ್ಧಿ ಹೇಳುವುದು ನನಗೆ ಗೊತ್ತು. ಚುಕ್ಕಿ ಪಡೆದ ಮಗುವಿಗೆ ಏನು ಹೇಳಬೇಕೆಂದು ನಮ್ಮ ಶಾಲೆಯಲ್ಲಿ ಕಲಿಸಿರಲಿಲ್ಲ. ಹಿಂದಿನವರು ತಪಸ್ಸು ಮಾಡಿ ಪಡೆಯುತ್ತಿದ್ದ ಪರಕಾಯ ಪ್ರವೇಶದ ವಿದ್ಯೆಯನ್ನು ತಾವು ಗಜ್ಜರಿಯ ಮೂಗೊಂದನ್ನು ಮುಂದಿಟ್ಟುಕೊಂಡು ಒಂದನೇ ಇಯತ್ತೆಯಲ್ಲಿಯೇ ಕಲಿಸುತ್ತಿರುವುದಕ್ಕೆ ತಮ್ಮನ್ನು ಎಷ್ಟು ಹೊಗಳಿದರೂ ಸಾಲದು. ತಮ್ಮ ಪುಸ್ತಕದ ಉಳಿದ ಮಹನೀಯರೂ ಕಡಿಮೆಯವರಲ್ಲ. ಒಂದು ಪುಟದಲ್ಲಿ ಎಲೆಗಳು ಕೆಂಪಾಗಿ ಉದುರಿ, ಮಕ್ಕಳು ಆ ರಾಶಿಯ ಮೇಲೆ ಜಿಗಿಯುತ್ತಾರೆ. ನಮ್ಮ ಓಣಿಯಲ್ಲಿ ರಾಶಿ ಕಂಡು ಜಿಗಿದರೆ ಸ್ನಾನ ಮಾಡಿಸಿಯೇ ಒಳಗೆ ಕರೆದುಕೊಳ್ಳಬೇಕಾಗುತ್ತದೆ. ಇನ್ನೊಂದರಲ್ಲಿ ಮೊಲವೊಂದು ಬುಟ್ಟಿ ತುಂಬ ಬಣ್ಣದ ಮೊಟ್ಟೆ ಹೊತ್ತು ನಿಂತಿದೆ. ನಮ್ಮ ಮನೆಯಲ್ಲಿ ಮೊಟ್ಟೆ ಹೊಸ್ತಿಲು ದಾಟುವುದಿಲ್ಲ, ಅದರಲ್ಲೂ ಮೊಲದ್ದು ಎಂದು ಅವರಿಗೆ ತಿಳಿಸಬೇಕು. ಮಳೆಗಾಲಕ್ಕೆ ಮಾತ್ರ ಪುಟವಿಲ್ಲ. ಲೋಕಲ್ ನಿಂತು, ಭುವಿಯ ಅವ್ವ ಮೊಣಕಾಲುದ್ದದ ನೀರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಮನೆ ಸೇರಿದ ಕಾಲಕ್ಕೆ ತಾವು ಹೆಸರಿಟ್ಟಿಲ್ಲವಾದ್ದರಿಂದ ಅದು ಬಂದಿರಲಿಕ್ಕಿಲ್ಲ.

ಇಷ್ಟೆಲ್ಲವನ್ನೂ ನಾನು ನುಂಗಿಕೊಂಡಿದ್ದೆ. ಆದರೆ ಈಗ ಎಳ್ಳ ಅಮಾವಾಸ್ಯೆ ಹತ್ತಿರ ಬಂದಿದೆ. ಎಳ್ಳು ಹುರಿಯುತ್ತ, ಈ ಸಲ ನೀರಿನ ತಂಬಿಗೆ ನೀನೇ ಹಿಡೀಬೇಕವಾ ಎಂದರೆ ಭುವಿ ತಲೆಯನ್ನೇ ಎತ್ತದೆ, 'ನಾ ಬರಂಗಿಲ್ಲ ಆಯಿ, ಅದು ವಿಂಟರ್ ಅಲ್ಲ' ಎಂದಳು. ಮಗನಿಗೆ, ಸೊಸೆಗೆ ಅಮಾವಾಸ್ಯೆಯ ರಜೆ ಯಾರೂ ಕೊಡುವುದಿಲ್ಲ. ನನ್ನ ಕೂಗಿಗೆ ಓಗೊಡುವ ಒಂದೇ ದನಿ ಅದು, ಅದನ್ನು ತಾವು ತೆಗೆದುಕೊಂಡು ಹೋಗಿದ್ದೀರಿ.

ಆದಕಾರಣ ತಮ್ಮಲ್ಲಿ ನನ್ನ ನಮ್ರ ವಿನಂತಿಗಳು ಏನೆಂದರೆ, ತಾವು ಪುಟದಿಂದ ಇಳಿದು, ಸೆಂಟ್ರಲ್ ಲೈನಿನ ನಿಧಾನ ಗಾಡಿಯಲ್ಲಿ, ಕಡ್ಡಿ ಕೈಗಳಿಂದ ಮೇಲಿನ ಹಿಡಿಕೆ ಹಿಡಿದುಕೊಂಡು, ದಾದರ್‌ನಲ್ಲಿ ನುಗ್ಗುವವರ ನಡುವೆ ಮೂಗು ಉಳಿಸಿಕೊಂಡು ಅಮಾವಾಸ್ಯೆಯ ಬೆಳಿಗ್ಗೆ ಮುಲುಂಡಿಗೆ ಬರಬೇಕು. ಪಾಲಕ್ ಪಟ್ಟಿಯಲ್ಲಿ ತಂಬಿಗೆ ಹಿಡಿದು ನನ್ನ ಹಿಂದೆ ನಡೆದು ಓಗೊಡಬೇಕು. ಆಗದಿದ್ದರೆ ನಮ್ಮ ಮೇಲೆ ಒಂದು ದಿನವಾದರೂ ಹಿಮ ಸುರಿಸಿ, ಮಗು ಬರೆದದ್ದನ್ನು ಖರೇ ಮಾಡಿಕೊಡಬೇಕು. ಅದೂ ಆಗದಿದ್ದರೆ ತಮ್ಮ ಪುಟದಲ್ಲಿ ಸ್ವಲ್ಪ ಸರಿದು ನಿಂತು ಒಂದೆರಡು ಗೆರೆ ಜಾಗ ಖಾಲಿ ಬಿಡಬೇಕು. ಮೂರರಲ್ಲಿ ಯಾವುದು ತಮಗೆ ಹೆಚ್ಚು ಕಷ್ಟವೆಂದು ನನಗೆ ತಿಳಿಯದು.

ಕಡುಬು ಬೇಯಿಸಿ ದಾರಿ ಕಾಯುತ್ತಿರುವ,

ತಮ್ಮ ವಿಶ್ವಾಸಿ,
ಮಹಾದೇವಿ

ತಾ.ಕ.: ಇದನ್ನು ಬರೆಯುತ್ತಿರುವಾಗ ಭುವಿ ಬಂದು ಯಾರಿಗೆ ಎಂದು ಕೇಳಿದಳು. ನಿನ್ನ ಹಿಮದ ಗೊಂಬೆಗೆ, ಚರಗ ಚೆಲ್ಲಲು ಕರೆದಿದ್ದೇನೆ ಎಂದೆ. 'ಅವಗ ಸಲಾಂಬರಿಗೋ ಅನ್ಲಿಕ್ಕೆ ಬರ್ತದೇನು?' ಎಂದಳು. ಯಾರಿಗೆ ಗೊತ್ತವಾ ಎಂದೆ. 'ಅವಗ ಬರಂಗಿಲ್ಲ, ತಪ್ಪ ತಪ್ಪ ಕೂಗ್ತಾನ, ನಾನೇ ಬಂದು ಹೇಳಿಕೊಡ್ತೀನಿ' ಎಂದು, ಅಲ್ಲಿಯೇ ನಿಂತು ಒಮ್ಮೆ ಕೂಗಿ ತೋರಿಸಿದಳು. ಪಕ್ಕದ ಖೋಲಿಯವರು ಗೋಡೆ ಬಡಿದರು. ಆದ್ದರಿಂದ ತಾವು ಓಗೊಡಲೆಂದು ಬರುವ ಅಗತ್ಯ ಈಗ ಉಳಿದಿಲ್ಲ. ಆದರೂ ಕರೆದವರು ನಾವು, ಬೇಡವೆನ್ನುವುದು ಸರಿಯಲ್ಲ. ಐವರು ಪಾಂಡವರ ಜಾಗ ತುಂಬಿದೆ, ಅವರ ಹಿಂದಿನ ಕಲ್ಲಿನ ಜಾಗವನ್ನು ತಮಗೆಂದು ತೆಗೆದಿರಿಸಿದ್ದೇನೆ. ಕಳ್ಳನಿಗೂ ನಮ್ಮಲ್ಲಿ ಕಡುಬಿನ ಎಡೆ ತಪ್ಪಿಸುವುದಿಲ್ಲ.