ಹಸಿ ನೆಲದ ಮೇಲೆ ಓಡುವವರ ಗಮನಕ್ಕೆ

ಸಂಖ್ಯೆ: ನೆಲ/ಘಾಟು/ಕಿಟಕಿ/7

ವಿಷಯ: ಮೇಲ್ಮಹಡಿಯ ದಾಖಲೆ ಕೊಠಡಿಯ ನೆಲಕ್ಕೆ ಬಣ್ಣ ಲೇಪಿಸುವಾಗ ಏಳುವ ಘಾಟನ್ನು ಹೊರಹಾಕುವ ಬಗ್ಗೆ.

ಉಲ್ಲೇಖ: (1) ಇದೇ ಕಚೇರಿಯ ಹಿಂದಿನ ಸುತ್ತೋಲೆ. (2) ಪೇಂಟ್ ಮೇಸ್ತ್ರಿಯವರ ಮೌಖಿಕ ಮನವಿ, ಅಂದರೆ ಕೂಗು.

ಲೇಪನವನ್ನು ಬಾಗಿಲಿನಿಂದ ಆರಂಭಿಸಿ ಒಳಮೂಲೆಯಲ್ಲಿ ಮುಗಿಸತಕ್ಕದ್ದೆಂದೂ, ಹಸಿ ನೆಲವನ್ನು ಯಾರೂ ತುಳಿಯತಕ್ಕದ್ದಲ್ಲವೆಂದೂ, ಧೂಳು ಕೂರದಂತೆ ಕಿಟಕಿಗೆ ಬೀಗ ಹಾಕಿ ಕೀಲಿಯನ್ನು ಅಧೀಕ್ಷಕರೇ ಇಟ್ಟುಕೊಳ್ಳತಕ್ಕದ್ದೆಂದೂ ಉಲ್ಲೇಖ (1)ರಲ್ಲಿ ಆದೇಶಿಸಲಾಗಿತ್ತು. "ಹಂಗಾದ್ರೆ ನಾನು ಹೊರಗೆ ಬರೋದು ಹೆಂಗೆ ಸಾರ್?" ಎಂಬ ಮೇಸ್ತ್ರಿಯವರ ಪ್ರಶ್ನೆಯನ್ನು ಮುಂದಿನ ಸಭೆಗೆ ಕಾಯ್ದಿರಿಸಲಾಗಿತ್ತು. ಸಭೆಗೆ ಮೊದಲೇ ನೆಲ ಮುಗಿಯಿತು. ಮೂಲೆಯಲ್ಲಿ ಸಿಕ್ಕಿಕೊಂಡ ಮೇಸ್ತ್ರಿಯವರು "ತಲೆ ಗಿರ್ರಂತಿದೆ, ಕಿಟಕಿ ತೆಗೀರಪ್ಪೋ!" ಎಂದು ಕೂಗಿ ಗೋಡೆಗೊರಗಿ ಕುಸಿದರು. ಕಿಟಕಿ ತೆರೆಯುವ ಅನುಮತಿ ಪತ್ರಕ್ಕೆ ಒತ್ತಲು ಮೊಹರು ಹುಡುಕುತ್ತಿದ್ದ ಅಧೀಕ್ಷಕರು, ಹುಡುಕಾಟವನ್ನು ಅಲ್ಲೇ ಬಿಟ್ಟು, ಬೂಟು ಕಳಚಿ, ಹಸಿ ನೆಲದ ಮೇಲೆಯೇ ಓಡಿ ಕಿಟಕಿ ತೆರೆದರು. ಎದ್ದು ಕೂತ ಮೇಲೆ ಮೇಸ್ತ್ರಿಯವರು ಆಡಿದ ಮಾತುಗಳನ್ನು ಕಡತಕ್ಕೆ ಸೇರಿಸಲು ಬರುವುದಿಲ್ಲ.

ಆದಕಾರಣ ಈ ಮೂಲಕ ಸಮಸ್ತ ಸಿಬ್ಬಂದಿಗೆ ಸೂಚಿಸಲಾಗಿದೆ:

1. ಘಾಟು ಕಿಟಕಿಯಿಂದಲೇ ಹೊರಹೋಗತಕ್ಕದ್ದು. ಬಾಗಿಲ ಮೂಲಕ ಲೆಕ್ಕಪತ್ರ ಶಾಖೆಗೆ ನುಗ್ಗಿದಲ್ಲಿ ಅನಧಿಕೃತ ವರ್ಗಾವಣೆ ಎಂದು ಪರಿಗಣಿಸಲಾಗುವುದು.

2. ತಲೆ ಸುತ್ತಿದವರನ್ನು ಕೂಡಲೇ ಹೊರಗಿನ ಗಾಳಿಯಲ್ಲಿ ಕೂರಿಸತಕ್ಕದ್ದು. ಘಾಟಿನಿಂದಲ್ಲ, ಕಡತ ಓದಿ ಸುತ್ತಿದ್ದೆಂದು ತಿಳಿದುಬಂದಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂರಿಸತಕ್ಕದ್ದು.

3. ಕಚೇರಿ ಗುಡಿಸುವ ಅಕ್ಕನವರು ಮೇಸ್ತ್ರಿಯವರಿಗೆ ನೀರು ಕುಡಿಸಿ, ಬಾಕಿ ಕಡತವೊಂದರಿಂದ ಗಾಳಿ ಬೀಸಿದ್ದನ್ನು ಮನ್ನಿಸಲಾಗಿದೆ. ಸದರಿ ಕಡತದಿಂದ ಯಾರಿಗಾದರೂ ಉಪಯೋಗವಾದದ್ದು ಇದೇ ಮೊದಲು. "ಸಾಹೇಬ್ರೇ, ನಿಮ್ ಕಾಲೇನೂ ಓಡಿಹೋಗಲ್ಲ, ಮೊದ್ಲು ಆ ಮನುಷ್ಯನ್ನ ಹಿಡ್ಕೊಳ್ಳಿ" ಎಂದು, ನೆಲಕ್ಕಂಟಿದ ಕಾಲುಚೀಲ ಬಿಡಿಸಿಕೊಳ್ಳುತ್ತಿದ್ದ ಅಧೀಕ್ಷಕರಿಗೆ ಅವರು ಕೊಟ್ಟ ಆಜ್ಞೆಯು ಅಧಿಕಾರ ವ್ಯಾಪ್ತಿಯನ್ನು ಮೀರಿದ್ದಾಗ್ಯೂ ಪಾಲಿಸಲಾಗಿದೆ.

4. ಅಧೀಕ್ಷಕರು ತಮಗೆ ತಾವೇ ಕಾರಣ ಕೇಳುವ ನೋಟಿಸು ಕೊಟ್ಟುಕೊಂಡಿರುತ್ತಾರೆ. "ಮನುಷ್ಯ ಬಿದ್ದಿದ್ದ" ಎಂಬ ಉತ್ತರವು ತೀರಾ ಚಿಕ್ಕದಾಗಿದ್ದರೂ ಅಂಗೀಕರಿಸಲಾಗಿದೆ.

5. ನೆಲದಲ್ಲಿ ಮೂಡಿರುವ ಹೆಜ್ಜೆಗಳನ್ನು ಅಳಿಸತಕ್ಕದ್ದಲ್ಲ. ಮುಂದೆ ಯಾರಿಗಾದರೂ ಹೀಗೆ ಓಡುವ ಸಂದರ್ಭ ಬಂದಲ್ಲಿ, ಹೊಸ ಹಾನಿಯಾಗದಂತೆ ಅವೇ ಹೆಜ್ಜೆಗಳ ಮೇಲೆ ಓಡತಕ್ಕದ್ದು. ಕುಳ್ಳಗಿರುವವರು ಜಿಗಿಯತಕ್ಕದ್ದು.

6. ಉಲ್ಲೇಖ (1)ನ್ನು ಹಿಂಪಡೆಯಲಾಗಿದೆ. ಅದನ್ನು ಬರೆದವರೂ ಅಧೀಕ್ಷಕರೇ.

ಸಹಿ/-
ಅಧೀಕ್ಷಕರು
(ಬರಿಗಾಲಲ್ಲಿ)

ಪ್ರತಿಗಳು:

ಲೆಕ್ಕಪತ್ರ ಶಾಖೆಗೆ: ನೆಲಕ್ಕೆ ಅಂಟಿರುವ ಕಾಲುಚೀಲವನ್ನು ಸ್ಥಿರಾಸ್ತಿ ಎಂದು ದಾಖಲಿಸಲು.

ಗುಡಿಸುವ ಅಕ್ಕನವರಿಗೆ: ಮುಂದಿನ ಆಜ್ಞೆ ಕೋರಿ.

ಮೇಸ್ತ್ರಿಯವರ ಮನೆಯವರಿಗೆ: ಅವರು ಮನೆ ಸೇರಿ, ಸರಿಯಾಗಿ ಊಟ ಮಾಡಿದರೇ ಎಂಬ ಬಗ್ಗೆ ವರದಿ ಕೋರಿ. ಉತ್ತರ ಬರುವವರೆಗೆ ಅಧೀಕ್ಷಕರು ಫೋನಿನ ಪಕ್ಕದಲ್ಲೇ ಕೂತಿರುತ್ತಾರೆ.