ಯಾರ ಪೈಕಿ ಎಂದು ಕೇಳುವ ಮಾಮ

ನಮ್ಮ ಸೋದರಮಾವನ ಪಕ್ಕ ಹತ್ತು ನಿಮಿಷ ಕೂತು, ಮೂರು ತಲೆಮಾರಿನ ವಿವರ ಒಪ್ಪಿಸದೆ ಎದ್ದುಹೋದ ಮನುಷ್ಯ ಇನ್ನೂ ಹುಟ್ಟಿಲ್ಲ! ಹೊಸಪೇಟೆಯಿಂದ ಕಮಲಾಪುರಕ್ಕೆ ಬಸ್ಸಿನಲ್ಲಿ ಎಷ್ಟು ದೂರ? ಅಷ್ಟರಲ್ಲೇ ಪಕ್ಕದವರ ಊರು, ಮನೆತನ, ಬೀಗರ ಕಸುಬು ಎಲ್ಲ ಹೊರಬಂದಿರುತ್ತಿತ್ತು. ಸಂಡೂರಿನ ಗಣಿಗೆ ಹೊಸದಾಗಿ ಬಂದಿದ್ದ ಸಾಹೇಬರೊಬ್ಬರು ಈ ವಿಚಾರಣೆ ತಾಳಲಾರದೆ ಅರ್ಧ ದಾರಿಯಲ್ಲೇ ಇಳಿದುಬಿಟ್ಟರು!

ಇಂಥ ಮಾಮ ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಗಣಿಯ ದುಡ್ಡು ಕೆಂಧೂಳಿನ ಜೊತೆ ಹಾರಾಡುತ್ತಿದ್ದ ಕಾಲ. ಯಾರೋ ಧಣಿಗಳು ಶಾಲೆಗೆ ನಾಲ್ಕು ಕಂಪ್ಯೂಟರ್ ಕೊಡಿಸಿದರು, ಇಂಟರ್ನೆಟ್ಟೂ ಬಂತು. ಮಾಮ ಮೊದಲು ಮಾಡಿದ್ದು ನಾಲ್ಕೂ ಪರದೆಗಳನ್ನು ವರಾಂಡದ ಕಿಟಕಿಯತ್ತ ತಿರುಗಿಸಿದ್ದು. ಇನ್ನು ಕೇಳಬೇಕೆ! ಬಿಸಿಯೂಟದ ಅಕ್ಕ ಸೌಟು ಹಿಡಿದೇ ನಿಂತು, "ಏನಪಾ, ಪಾಠ ಬಿಟ್ಟು ಬೈಕ್ ನೋಡಾಕತ್ತಿ?" ಎನ್ನುತ್ತಿದ್ದಳು.

ಎರಡನೆಯ ಕಟ್ಟಳೆ ಇನ್ನೂ ವಿಚಿತ್ರ. "ಗುರ್ತಿಲ್ಲದವ್ರು ಮಾತಾಡ್ಸಿದ್ರ ಯಾರ ಪೈಕಿ, ಯಾರ ಮನಿಯವ್ರು ಅಂತ ಕೇಳ್ರಿ. ನಿಮ್ಮ ಹೆಸರು, ಊರು, ಫೋಟೋ ಮಾತ್ರ ಕೊಡಬ್ಯಾಡ್ರಿ. ಜವಾಬು ಬರ್ಲಿಲ್ಲಂದ್ರ ನನ್ನ ಕರೀರಿ." ನಾವು ಬಿದ್ದು ಬಿದ್ದು ನಕ್ಕೆವು. ಕಂಪ್ಯೂಟರಿನಲ್ಲೂ ಬೀಗತನ ಹುಡುಕುವುದೆ?

ಹತ್ತನೇ ಕ್ಲಾಸಿನಲ್ಲಿ ನನಗೆ ಚಾಟ್‌ನಲ್ಲಿ ಒಬ್ಬಳು ಗೆಳತಿ ಸಿಕ್ಕಳು. ನನ್ನದೇ ವಯಸ್ಸು, ನಮ್ಮ ಕಡೆಯದೇ ಊರು ಮೆಟ್ರಿಯ ಹುಡುಗಿಯಂತೆ. ಬರೆಯುತ್ತಿದ್ದದ್ದು ಇಂಗ್ಲಿಷ್ ಅಕ್ಷರದಲ್ಲಿ, ಹಾಗಾಗಿ ಕಿಟಕಿಯ ಅಕ್ಕನಿಗೂ ಓದಲಾಗಲಿಲ್ಲ. ಎರಡು ವಾರ ಕಳೆದ ಮೇಲೆ, "ಭಾನುವಾರ ಹೊಸಪೇಟೆ ಬಸ್‌ಸ್ಟ್ಯಾಂಡಿಗೆ ಒಬ್ಬಳೇ ಬಾ, ಮನೆಯಲ್ಲಿ ಹೇಳಬೇಡ" ಎಂದಳು. ನಾನು ಹೂಂ ಅಂದುಬಿಟ್ಟೆ!

ಆಮೇಲೆ ತಮಾಷೆಗೆ ಮಾಮನ ಪ್ರಶ್ನೆ ಎಸೆದೆ: ಮೆಟ್ರಿಯೊಳಗ ಯಾರ ಪೈಕಿ ನೀನು? ನಮ್ಮ ಕಡೆ ಕೂಸುಗಳೂ ಖುಷಿಯಿಂದ ಹೇಳುವ ಮಾತದು. ಅತ್ತಲಿಂದ ಬಂದದ್ದು ಸಿಟ್ಟು. "ಅದೆಲ್ಲ ನಿನಗ್ಯಾಕೆ? ಮೊದಲು ಫೋಟೋ ಕಳಿಸು." ಇವಳು ಮೆಟ್ರಿಯ ಹುಡುಗಿಯೇ ಅಲ್ಲ ಎಂದು ನನಗೆ ಹೊಳೆಯಿತು. ಶಾಲೆಯಲ್ಲಿ ಸರ್ ಅನ್ನಬೇಕೆಂಬುದೂ ಮರೆತು, "ಮಾಮಾ" ಎಂದು ಕೂಗಿದೆ.

ಮಾಮ ಎಲ್ಲವನ್ನೂ ಓದಿದರು. ಹೆಡ್‌ಮಾಸ್ಟರನ್ನು ಕರೆಸಿ ತೋರಿಸಿದರು.

"ಹೆಸರು, ಊರು ಹೇಳೀ ಏನು?"

"ಇಲ್ಲ ಮಾಮ. ಆದ್ರ ಬರ್ತೀನಿ ಅಂದಿದ್ದೆ. ಬೈರಿ."

ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು, ನನ್ನ ತಲೆಯ ಮೇಲೆ ಕೈಯಿಟ್ಟರು. ನಾನು ಬಚಾವಾದೆ ಎಂದು ಗೊತ್ತಾಗಿ ಗೊಳೋ ಎಂದು ಅತ್ತೆ.

"ಅಳಬ್ಯಾಡವ್ವಾ," ಅಂದರು ಮಾಮ. "ನನ್ನ ಬಾಯಿಗೆ ಹೆದರಿ ನೀನು ಹೇಳದಽ ಹೋಗಿಬಿಟ್ಟಿದ್ರ? ಕರೆದಿಯಲ್ಲ, ಅಷ್ಟ ಸಾಕು ನನಗ."